ಒಳಗಿನವನ ಮಾತು: ನಂಬುವ ಮುನ್ನ

ಭಟ್ಕಳದಿಂದ ಕುಮಟೆಗೆ ಹೋಗುವ ಬಸ್ಸಿನಲ್ಲಿ ನೀವು ಕುಳಿತಿದ್ದೀರಿ ಎಂದುಕೊಳ್ಳಿ. ಶಿರಾಲಿ ದಾಟುವ ಹೊತ್ತಿಗೆ ಪಕ್ಕದ ಸೀಟಿನವರ ಪರಿಚಯವಾಗುತ್ತದೆ. ಹೊನ್ನಾವರದ ಶರಾವತಿ ಸೇತುವೆ ಬರುವಷ್ಟರಲ್ಲಿ ಅವರು ದನಿ ತಗ್ಗಿಸುತ್ತಾರೆ: "ನಾನೂ ಒಂದು ಕಾಲಕ್ಕೆ ಆ ಗುಪ್ತ ಸಂಘದಲ್ಲಿ ಇದ್ದವನೇ ತಮ್ಮಾ. ಒಳಗೆ ಏನೇನು ನಡೆಯುತ್ತದೆ ಎಂಬುದು ಹೊರಗಿನವರಿಗೆ ಎಲ್ಲಿ ಗೊತ್ತಾಗಬೇಕು?"

ಇಂಥವರು ಇಂದು ಬಸ್ಸಿನಲ್ಲಷ್ಟೇ ಅಲ್ಲ, ಮೊಬೈಲಿನ ಪರದೆಯ ಮೇಲೂ ಸಿಗುತ್ತಾರೆ. ಜಗತ್ತನ್ನೇ ಆಳುವ ರಹಸ್ಯ ಕೂಟದಿಂದ ತಪ್ಪಿಸಿಕೊಂಡು ಬಂದೆ ಎನ್ನುವವರು, ಯಾವುದೋ ಗುಂಪಿನ ಒಳಗುಟ್ಟು ಬಲ್ಲೆ ಎನ್ನುವವರು, ಹೆಸರು ಹೇಳಿದರೆ ಜೀವಕ್ಕೇ ಅಪಾಯ ಎನ್ನುವವರು. ಕೇಳುವುದಕ್ಕೇನೋ ಸೊಗಸು. ಆದರೆ ನಂಬುವುದೋ, ಬಿಡುವುದೋ?

ಒಳಗಿದ್ದವನ ಮಾತಿಗೆ ಸಹಜವಾಗಿಯೇ ಒಂದು ತೂಕವಿದೆ. ಅಡುಗೆಮನೆಯಲ್ಲಿ ಇದ್ದವನಿಗೆ ತಾನೇ ಸಾರಿಗೆ ಏನು ಬಿದ್ದಿದೆಯೆಂದು ಗೊತ್ತಿರುವುದು? ಆದರೆ ರಹಸ್ಯ ಸಂಘಗಳ ವಿಷಯದಲ್ಲಿ ಒಂದು ತೊಡಕಿದೆ. ಪುರಾವೆ ಕೇಳಿದರೆ, 'ಅದು ಗುಟ್ಟು, ಪುರಾವೆ ಎಲ್ಲಿಂದ ಬರಬೇಕು?' ಎಂಬ ಉತ್ತರ ಸಿದ್ಧವಾಗಿರುತ್ತದೆ. ಹೀಗೆ ಪುರಾವೆ ಇಲ್ಲದಿರುವುದೇ ಒಂದು ಪುರಾವೆಯಾಗಿಬಿಡುತ್ತದೆ. ಈ ಬಲೆಗೆ ಬೀಳದೆ ಮಾತನ್ನು ತೂಗುವುದು ಹೇಗೆ? ಉತ್ತರ ಹುಡುಕಲು ನಮ್ಮ ಕರಾವಳಿಯಿಂದಲೇ ಹೊರಡೋಣ.

ಅಂಜದೀವಕ್ಕೆ ಬಂದ ಅತಿಥಿ

ಕಾರವಾರದ ಹತ್ತಿರ, ಬಿಣಗಾದ ಎದುರಿನ ಕಡಲಿನಲ್ಲಿ ಅಂಜದೀವ ಎಂಬ ದ್ವೀಪವಿದೆ. ಆಡಳಿತದ ಲೆಕ್ಕದಲ್ಲಿ ಅದು ಗೋವಾ ರಾಜ್ಯಕ್ಕೆ ಸೇರಿದ್ದು. 1498ರ ಸೆಪ್ಟೆಂಬರ್ ಕೊನೆಯಲ್ಲಿ, ಕಲ್ಲಿಕೋಟೆಯಿಂದ ಹಿಂದಿರುಗುತ್ತಿದ್ದ ವಾಸ್ಕೋ ಡ ಗಾಮನ ಹಡಗುಗಳು ದುರಸ್ತಿಗಾಗಿ ಅಲ್ಲಿ ತಂಗಿದ್ದವು. ಆಗ ಸುಮಾರು ನಲವತ್ತು ವರ್ಷದ ಒಬ್ಬ ಮನುಷ್ಯ ಬಂದ. ವೆನಿಸ್ ನಗರದ ಮಾತನ್ನು ಚೆನ್ನಾಗಿ ಆಡುತ್ತಿದ್ದ. ಬಂದವನೇ ನಾಯಕನನ್ನು ಅಪ್ಪಿಕೊಂಡ. ತಾನು ಹುಟ್ಟಿನಿಂದ ಕ್ರೈಸ್ತ, ಎಳೆಯ ವಯಸ್ಸಿನಲ್ಲಿ ಈ ಕಡೆಗೆ ಬಂದವನು, ಈಗ ಇಲ್ಲಿನ ಒಬ್ಬ ಪ್ರಬಲ ಮುಸ್ಲಿಂ ಒಡೆಯನ ಸೇವೆಯಲ್ಲಿದ್ದರೂ ಮನಸ್ಸೆಲ್ಲ ನಿಮ್ಮ ಕಡೆಗೇ ಎಂಬುದು ಅವನ ಮಾತಿನ ಸಾರ. ಪೋರ್ಚುಗೀಸರ ಆ ಯಾನದ ದಿನಚರಿಯಲ್ಲಿ ಈ ಪ್ರಸಂಗ ದಾಖಲಾಗಿದೆ.

ಪರದೇಶದಲ್ಲಿ ದಣಿದಿದ್ದ ನಾವಿಕರಿಗೆ ಅರ್ಥವಾಗುವ ಭಾಷೆ, ಆತ್ಮೀಯತೆ, ಒಳಗಿನ ಸುದ್ದಿ: ನಂಬಲು ಇನ್ನೇನು ಬೇಕು? ಆದರೆ ವಾಸ್ಕೋನ ಅಣ್ಣ ಪಾವ್ಲೊ ಡ ಗಾಮ ಒಂದು ಕೆಲಸ ಮಾಡಿದ. ಆ ಮನುಷ್ಯನ ಜೊತೆಗೆ ಬಂದಿದ್ದವರನ್ನು, 'ಇವನು ಯಾರು?' ಎಂದು ಬೇರೆಯಾಗಿ ವಿಚಾರಿಸಿದ. ಇವನು ದಾಳಿ ಮಾಡಲೆಂದೇ ಬಂದವನು, ಇವನ ಹಡಗುಗಳು ಕರಾವಳಿಯಲ್ಲೇ ಕಾದಿವೆ ಎಂದು ಅವರು ಹೇಳಿದರು. ಆಮೇಲೆ ಅವನನ್ನು ಕಟ್ಟಿ ಹೊಡೆದರು. ಅವನು ಎರಡನೆಯ ಕಥೆ ಹೇಳಿದ. ಹಡಗು ನಡುಗಡಲು ಸೇರಿ, ಹಿಂದಿರುಗುವ ಆಸೆ ಕಳೆದುಹೋದ ಮೇಲೆ ಮೂರನೆಯದು ಹೊರಬಂತು: ಈ ಪರದೇಶಿಗಳನ್ನು ತನ್ನ ಯುದ್ಧಗಳಿಗೆ ಬಳಸಿಕೊಳ್ಳಬಹುದೇ ಎಂದು ನೋಡಿ ಬರಲು ಒಡೆಯನೇ ಕಳಿಸಿದ್ದನಂತೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ಹೊಡೆತಕ್ಕೆ ಹೆದರಿ ಆಡಿದ ಮಾತಿಗೂ ಬೆಲೆಯಿಲ್ಲ; ನೋವು ನಿಂತರೆ ಸಾಕೆಂದು ಮನುಷ್ಯ ಏನನ್ನಾದರೂ ಹೇಳುತ್ತಾನೆ. ಉಪಯೋಗಕ್ಕೆ ಬಂದದ್ದು ಪಾವ್ಲೊನ ಸರಳವಾದ ಪ್ರಶ್ನೆಯೇ. ಇನ್ನೊಂದು, ಇದೇ ಮನುಷ್ಯ ಮುಂದೆ ಗಾಸ್ಪರ್ ಡ ಗಾಮ ಎಂಬ ಹೆಸರು ಪಡೆದು, 1500ರಲ್ಲಿ ಭಾರತಕ್ಕೆ ಹೊರಟ ಕಬ್ರಾಲನ ನೌಕಾದಳದಲ್ಲಿ ದುಭಾಷಿಯಾದ. ತನ್ನ ಬಗ್ಗೆ ಸುಳ್ಳು ಹೇಳಿದವನಿಗೆ ಈ ನಾಡಿನ ಬಗ್ಗೆ ನಿಜವಾದ ತಿಳಿವಳಿಕೆಯೂ ಇತ್ತು. ಆದ್ದರಿಂದ ಮನುಷ್ಯನನ್ನು ಇಡಿಯಾಗಿ ನಂಬುವುದೂ ಇಡಿಯಾಗಿ ತಳ್ಳಿಹಾಕುವುದೂ ಎರಡೂ ತಪ್ಪು. ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ ತೂಗಬೇಕು.

ತಂತಿ ಕಳ್ಳರ ತಪ್ಪೊಪ್ಪಿಗೆ

ಗಾಸ್ಪರ್ ಒಬ್ಬಂಟಿ. ಒಂದು ಗುಪ್ತ ಕೂಟದ ಒಳಗಿನವರೇ ನೂರಾರು ಮಂದಿ ಬಾಯಿಬಿಟ್ಟರೆ? ಅಂಥ ಸಂದರ್ಭವೂ ನಮ್ಮ ದೇಶದಲ್ಲೇ ಒದಗಿತು. ದಾರಿಹೋಕರ ಸ್ನೇಹ ಬೆಳೆಸಿ, ಕುತ್ತಿಗೆಗೆ ಉರುಲು ಬಿಗಿದು ಕೊಂದು ದೋಚುತ್ತಿದ್ದ ಗುಂಪುಗಳನ್ನು ಉತ್ತರದಲ್ಲಿ ಠಕ್ಕರು, ಅಂದರೆ ಥಗ್ಗರು ಎಂದು ಕರೆದರೆ, ದಕ್ಷಿಣದಲ್ಲಿ ಫಾಸಿಗಾರರು ಎನ್ನುತ್ತಿದ್ದರು. 1816ರಲ್ಲಿ ಇವರ ಬಗ್ಗೆ ಬರೆದ ಮದರಾಸಿನ ವೈದ್ಯ ರಿಚರ್ಡ್ ಶೆರ್‌ವುಡ್, ಕನ್ನಡದಲ್ಲಿ ಇವರಿಗೆ 'ತಂತಿ ಕಳ್ಳರು' ಎಂಬ ಹೆಸರಿದೆಯೆಂದು ಗುರುತಿಸಿದ್ದಾನೆ.

1830ರ ದಶಕದಲ್ಲಿ ವಿಲಿಯಂ ಸ್ಲೀಮನ್ ಎಂಬ ಬ್ರಿಟಿಷ್ ಅಧಿಕಾರಿ ಇವರನ್ನು ಹಿಡಿಯಲು ಮಾಫಿ ಸಾಕ್ಷಿಗಳನ್ನು ಬಳಸಿದ. ಮಾಫಿ ಸಾಕ್ಷಿ ಎಂದರೆ, ಅಪರಾಧದಲ್ಲಿ ತಾನೂ ಪಾಲುಗೊಂಡಿದ್ದು, ಕ್ಷಮೆಯ ಭರವಸೆಯ ಮೇಲೆ ಜೊತೆಗಾರರ ವಿರುದ್ಧ ಹೇಳಿಕೆ ಕೊಡುವವನು. ಅವರಲ್ಲಿ ಫಿರಂಗಿಯಾ ಎಂಬವನು ಹೆಸರಾದವನು. ಅವನು ತೋರಿಸಿದ ಜಾಗದಲ್ಲಿ ಅಗೆದಾಗ ನಿಜವಾಗಿಯೂ ಶವಗಳ ಅವಶೇಷ ಸಿಕ್ಕಿತು. ಇದು ಬಲವಾದ ಪುರಾವೆ. ಅವನ ಮಾತನ್ನು ಅವನ ಮಾತಿನಿಂದಲೇ ಅಳೆಯಬೇಕಾಗಿರಲಿಲ್ಲ. ಮಣ್ಣು ಸಾಕ್ಷಿ ಹೇಳಿತು.

ಆದರೆ ಎಲ್ಲ ಹೇಳಿಕೆಗಳೂ ಹೀಗಿರಲಿಲ್ಲ. ಬೆಹರಾಮ್ ಎಂಬ ಮಾಫಿ ಸಾಕ್ಷಿ 931 ಕೊಲೆಗಳನ್ನು ಮಾಡಿದನೆಂದು ಇಂದಿಗೂ ಹಲವೆಡೆ ಅಚ್ಚಾಗುತ್ತದೆ. ಮೂಲ ಹೇಳಿಕೆಯಲ್ಲಿ ಅವನು ಅಷ್ಟು ಕೊಲೆಗಳ ಕಾಲದಲ್ಲಿ ತಾನು ಹಾಜರಿದ್ದೆನೆಂದಷ್ಟೇ ಹೇಳಿಕೊಂಡಿದ್ದ. ಕೈಯಾರೆ ಕೊಂದದ್ದು ಸುಮಾರು 125 ಎಂದಿದ್ದ. ಆ 125ಕ್ಕೂ ಬೇರೆ ಆಧಾರವೇನು ಎಂದು ಕೇಳಬೇಕಾಗುತ್ತದೆ. ಈ ಸಾಕ್ಷಿಗಳ ಜೀವ ಉಳಿದದ್ದೇ ಅವರು ಅಧಿಕಾರಿಗಳಿಗೆ ಉಪಯುಕ್ತರಾಗಿದ್ದರೆಂಬ ಕಾರಣಕ್ಕೆ. ಹೆಚ್ಚು ಹೆಸರು ಹೇಳಿದಷ್ಟೂ ಅವರ ಬೆಲೆ ಹೆಚ್ಚುತ್ತಿತ್ತು. ಜೊತೆಗೆ 1836ರ ಕಾಯ್ದೆಯೊಂದು, ನಿರ್ದಿಷ್ಟ ಕೊಲೆ ಸಾಬೀತಾಗದಿದ್ದರೂ ಥಗ್ಗರ ಗುಂಪಿಗೆ ಸೇರಿದವನೆಂದು ರುಜುವಾತಾದರೆ ಸಾಕು, ಜೀವಾವಧಿ ಶಿಕ್ಷೆ ಎಂದಿತು. ಅಂದರೆ 'ಇವನೂ ನಮ್ಮವನೇ' ಎಂಬ ಒಬ್ಬನ ಮಾತು ಇನ್ನೊಬ್ಬನ ಇಡೀ ಬದುಕನ್ನು ಮುಗಿಸಬಹುದಿತ್ತು. ಕೊಲೆ, ದರೋಡೆಗಳು ನಡೆದದ್ದು ನಿಜ. ಆದರೆ ದೇಶದುದ್ದಕ್ಕೂ ಒಂದೇ ರಹಸ್ಯ ಪಂಥ ಹಬ್ಬಿತ್ತು ಎಂಬ ಚಿತ್ರ ಎಷ್ಟರಮಟ್ಟಿಗೆ ಇಂಥ ಹೇಳಿಕೆಗಳಿಂದ ಕಟ್ಟಿದ್ದು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ವಾದವಿದೆ.

ಈ ಕಥೆಗೆ ಕರ್ನಾಟಕದ ನಂಟೂ ಇದೆ. ಈಗಿನ ಯಾದಗಿರಿ ಜಿಲ್ಲೆಯ ಸುರಪುರದಲ್ಲಿ 1841ರಿಂದ 1853ರವರೆಗೆ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್, ಅದಕ್ಕೂ ಮೊದಲು 1839ರಲ್ಲಿ 'ಕನ್ಫೆಷನ್ಸ್ ಆಫ್ ಎ ಥಗ್' ಎಂಬ ಕಾದಂಬರಿ ಪ್ರಕಟಿಸಿದ್ದ. ಅಮೀರ್ ಅಲಿ ಎಂಬ ಥಗ್ಗನೇ ತನ್ನ ಕಥೆ ಹೇಳಿಕೊಳ್ಳುವಂತೆ ಅದನ್ನು ಬರೆದಿದ್ದಾನೆ. ಮಾಫಿ ಸಾಕ್ಷಿಗಳ ಹೇಳಿಕೆಗಳನ್ನು ಟೇಲರ್ ಬಲ್ಲವನಾಗಿದ್ದ. ಆದರೂ ಅದು ಕಾದಂಬರಿ. 'ನಾನು' ಎಂದು ಬರೆದ ಮಾತಿಗೆ ಎಂಥ ಮೋಡಿಯಿದೆಯೆಂದರೆ, ಅದನ್ನು ಇತಿಹಾಸವೆಂದೇ ಓದಿದವರೂ ಇದ್ದಾರೆ.

ಪ್ಯಾರಿಸ್ಸಿನ ಹನ್ನೆರಡು ವರ್ಷ

ಥಗ್ಗರ ವಿಷಯದಲ್ಲಿ ನಿಜದ ಜೊತೆ ಉತ್ಪ್ರೇಕ್ಷೆ ಬೆರೆತಿತ್ತು. ಬುಡದಿಂದಲೇ ಸುಳ್ಳಾದ ಉದಾಹರಣೆಗೆ ಫ್ರಾನ್ಸಿಗೆ ಹೋಗಬೇಕು. ಲಿಯೋ ತಕ್ಸಿಲ್ ಎಂಬ ಕಾವ್ಯನಾಮದ ಲೇಖಕ ಮೊದಲು ಚರ್ಚಿನ ಕಡು ವಿರೋಧಿ. 1881ರಲ್ಲಿ ಫ್ರೀಮೇಸನ್ ಸಂಘ ಸೇರಿದ. ಸ್ವಲ್ಪ ಕಾಲದಲ್ಲೇ ಹೊರಬಿದ್ದ. 1885ರಲ್ಲಿ ಪಶ್ಚಾತ್ತಾಪವಾಯಿತೆಂದು ಚರ್ಚಿಗೆ ಮರಳಿ, ಫ್ರೀಮೇಸನ್ನರ ಒಳಗುಟ್ಟು ಎಂಬ ಪುಸ್ತಕಗಳನ್ನು ಸಾಲುಸಾಲಾಗಿ ಹೊರತಂದ. ಅವರೊಳಗೆ ಸೈತಾನನನ್ನು ಪೂಜಿಸುವ ಇನ್ನೊಂದು ಒಳಕೂಟವಿದೆ ಎಂದ. ಅವನ ಕಡೆಯವರ ಒಂದು ಪುಸ್ತಕ ಇಂಥ ಪೂಜೆಯ ದೃಶ್ಯಗಳನ್ನು ನಮ್ಮ ಕಲ್ಕತ್ತ, ಪಾಂಡಿಚೇರಿಗಳಲ್ಲೂ ಇಟ್ಟಿತು. ಪ್ಯಾರಿಸ್ಸಿನ ಓದುಗ ಕಲ್ಕತ್ತಕ್ಕೆ ಬಂದು ನೋಡುವಂತಿರಲಿಲ್ಲವಲ್ಲ! ಆ ಕೂಟದಿಂದ ತಪ್ಪಿಸಿಕೊಂಡವಳೆಂದು ಡಯಾನಾ ವಾನ್ ಎಂಬ ಮಹಿಳೆಯ ಆತ್ಮಕಥೆಯೂ ಕಂತುಕಂತಾಗಿ ಬಂತು. ಅವಳನ್ನು ಯಾರೂ ಕಂಡಿರಲಿಲ್ಲ. ಕಾಣಿಸಿಕೊಂಡರೆ ಕೊಂದುಬಿಡುತ್ತಾರೆ ಎಂಬ ಸಮಾಧಾನವಿತ್ತು.

1897ರ ಏಪ್ರಿಲ್ 19ರಂದು ಪ್ಯಾರಿಸ್ಸಿನ ಭೂಗೋಳ ಸಂಘದ ಸಭಾಂಗಣದಲ್ಲಿ ಡಯಾನಾಳನ್ನು ತೋರಿಸುತ್ತೇನೆಂದು ತಕ್ಸಿಲ್ ಜನರನ್ನು ಸೇರಿಸಿದ. ವೇದಿಕೆಯೇರಿ, ಹನ್ನೆರಡು ವರ್ಷ ಬರೆದದ್ದೆಲ್ಲ ಕಟ್ಟುಕಥೆ, ಆ ಹೆಸರು ತನ್ನ ಬೆರಳಚ್ಚುಗಾರ್ತಿಯದು ಎಂದು ತಾನೇ ಒಪ್ಪಿಕೊಂಡ. ಆಶ್ಚರ್ಯವೆಂದರೆ, ಅವನು ಒಪ್ಪಿಕೊಂಡ ಮೇಲೂ ಅವನ ಕಥೆಗಳು ಸಾಯಲಿಲ್ಲ. ಇಂದಿಗೂ ಅವನ ಸಾಲುಗಳನ್ನು ಪುರಾವೆಯೆಂದು ಎತ್ತಿ ಹೇಳುವವರಿದ್ದಾರೆ. ತಕ್ಸಿಲ್ ಸ್ವಲ್ಪ ಕಾಲ ನಿಜವಾಗಿಯೂ ಒಳಗಿದ್ದವನೇ ಎಂಬುದನ್ನು ಮರೆಯಬೇಡಿ. ಒಳಗೆ ಇದ್ದದ್ದು ನಿಜವಾದ ಮಾತ್ರಕ್ಕೆ ಹೇಳಿದ್ದೆಲ್ಲ ನಿಜವಾಗುವುದಿಲ್ಲ.

ನ್ಯಾಯಾಲಯದ ತಕ್ಕಡಿ

ಒಳಗಿನವರ ಮಾತನ್ನು ದಿನವೂ ತೂಗಬೇಕಾದದ್ದು ನ್ಯಾಯಾಲಯ. ಅಲ್ಲಿ ರೂಢಿಯಾಗಿರುವ ಕ್ರಮ ನಮಗೂ ದಾರಿ ತೋರುತ್ತದೆ. 1872ರ ಸಾಕ್ಷ್ಯ ಕಾಯ್ದೆ, ಜೊತೆ ಅಪರಾಧಿಯ ಮಾತನ್ನು ಕೇಳಬಹುದು ಎನ್ನುತ್ತಲೇ, ಮುಖ್ಯ ಅಂಶಗಳಲ್ಲಿ ಬೇರೆ ಬೆಂಬಲವಿಲ್ಲದಿದ್ದರೆ ಅವನು ನಂಬಿಕೆಗೆ ಅರ್ಹನಲ್ಲವೆಂದು ಭಾವಿಸಬಹುದು ಎಂದಿತ್ತು. 1957ರ ಸರ್ವಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಾಫಿ ಸಾಕ್ಷಿಗೆ ಎರಡು ಪರೀಕ್ಷೆಗಳನ್ನು ವಿಧಿಸಿತು: ಮೊದಲು, ಅವನು ನಂಬತಕ್ಕ ಸಾಕ್ಷಿಯೇ? ಆಮೇಲೆ, ಅವನ ಮಾತಿಗೆ ಸ್ವತಂತ್ರ ಬೆಂಬಲವಿದೆಯೇ? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 138ನೆಯ ಕಲಮಿನಲ್ಲಿ, ಬೆಂಬಲ ದೊರೆತ ಸಾಕ್ಷ್ಯ ಎಂಬ ಮಾತೇ ಸೇರಿಕೊಂಡಿದೆ.

'ಸ್ವತಂತ್ರ' ಎಂಬ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಒಬ್ಬ ಜೊತೆ ಅಪರಾಧಿಯ ಮಾತಿಗೆ ಇನ್ನೊಬ್ಬ ಜೊತೆ ಅಪರಾಧಿಯ ಮಾತು ಸಾಮಾನ್ಯವಾಗಿ ಬೆಂಬಲವೆನಿಸುವುದಿಲ್ಲ. ಹಾಗೆಯೇ ಒಂದೇ ವೀಡಿಯೋವನ್ನು ಹತ್ತು ಮಂದಿ ಕಳಿಸಿದರೆ ಅದು ಹತ್ತು ಸಾಕ್ಷಿಯಲ್ಲ, ಒಂದೇ.

ನಿಜವಾದ ಒಳಗಿನವರು

ಇದನ್ನೆಲ್ಲ ಕೇಳಿ, ಒಳಗಿನಿಂದ ಬಂದು ಹೇಳುವವರೆಲ್ಲ ಸುಳ್ಳರು ಎಂದು ತೀರ್ಮಾನಿಸಬಾರದು. ಅವರಿಲ್ಲದೆ ಅನೇಕ ಅನ್ಯಾಯಗಳು ಹೊರಬೀಳುವುದೇ ಇಲ್ಲ. ಭಟ್ಕಳ, ಹೊನ್ನಾವರ, ಕುಮಟೆಗಳನ್ನು ಹಾದುಹೋಗುವ ಹೆದ್ದಾರಿಯನ್ನು ಅಗಲ ಮಾಡಿಸಿದ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದಲ್ಲೇ ಸತ್ಯೇಂದ್ರ ದುಬೆ ಎಂಬ ತರುಣ ಎಂಜಿನಿಯರ್ ಇದ್ದರು. ಜಾರ್ಖಂಡ್‌ನಲ್ಲಿ ಕೆಲಸದಲ್ಲಿದ್ದ ಅವರು, ಹೆದ್ದಾರಿ ಕಾಮಗಾರಿಯ ಅಕ್ರಮಗಳನ್ನು ವಿವರಿಸಿ 2002ರಲ್ಲಿ ಪ್ರಧಾನಮಂತ್ರಿಗಳಿಗೆ ಪತ್ರ ಬರೆದರು. ಹೆಸರು ಗುಟ್ಟಾಗಿರಲಿ ಎಂದು ಕೋರಿದ್ದರೂ ಅದು ಬಯಲಾಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರು ಗುಂಡಿಗೆ ಬಲಿಯಾದರು. ಅದು ದರೋಡೆಗಾಗಿ ನಡೆದ ಕೊಲೆಯೆಂದು ಸಿ.ಬಿ.ಐ. ಹೇಳಿತು, ಮನೆಯವರು ಅದನ್ನು ಒಪ್ಪಲಿಲ್ಲ. ಇಂಥ ದೂರುದಾರರ ರಕ್ಷಣೆಗೆಂದು 2014ರಲ್ಲಿ ಸಂಸತ್ತು ಕಾಯ್ದೆಯೊಂದನ್ನು ಅಂಗೀಕರಿಸಿತು.

ದುಬೆಯವರಿಗೂ ತಕ್ಸಿಲನಿಗೂ ಇರುವ ವ್ಯತ್ಯಾಸ ನೋಡಿ. ಇಬ್ಬರೂ ಗುಟ್ಟಿನ ಮಾತಾಡಿದರು. ಆದರೆ ದುಬೆ ತಮ್ಮ ಗುರುತನ್ನು ಮಾತ್ರ ಮರೆಯಲ್ಲಿಡಲು ಕೇಳಿದರು. ಸಂಗತಿಗಳನ್ನು ತನಿಖೆಗೆ ಒಪ್ಪಿಸಿದರು. ತಕ್ಸಿಲ್ ಸಂಗತಿಗಳನ್ನೇ ಮರೆಯಲ್ಲಿಟ್ಟ, ತನ್ನನ್ನು ಮೆರೆಸಿಕೊಂಡ.

ನಮ್ಮೂರಿನ ಪಾಠ

ಇದು ಕೇವಲ ಕುತೂಹಲದ ವಿಷಯವಲ್ಲ. 2017ರ ಡಿಸೆಂಬರಿನಲ್ಲಿ ಹೊನ್ನಾವರದಲ್ಲಿ ಗಲಭೆಯ ಸಂದರ್ಭದಲ್ಲಿ ಕಾಣೆಯಾದ ಯುವಕನೊಬ್ಬನ ಶವ ಶೆಟ್ಟಿಕೆರೆಯಲ್ಲಿ ಸಿಕ್ಕಿತು. ಚಿತ್ರಹಿಂಸೆ ಕೊಟ್ಟು ಕೊಂದರೆಂಬ ಸುದ್ದಿ ಹಬ್ಬಿತು. ಅಂಥ ಗುರುತುಗಳಿಲ್ಲವೆಂದು ವೈದ್ಯರು ಆ ದಿನಗಳಲ್ಲೇ ತಿಳಿಸಿದರೂ ಜಿಲ್ಲೆ ಹೊತ್ತಿಕೊಂಡಿತು. ಕುಮಟೆಯಲ್ಲಿ ಹಿರಿಯ ಪೊಲೀಸ್ ಅಧಿಕಾರಿಯ ವಾಹನಕ್ಕೇ ಬೆಂಕಿ ಬಿತ್ತು. 2022ರಲ್ಲಿ ಸಿ.ಬಿ.ಐ., ಅದು ಆಕಸ್ಮಿಕವಾಗಿ ನೀರಿನಲ್ಲಿ ಮುಳುಗಿ ಆದ ಸಾವು ಎಂದು ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ಸುದ್ದಿ ಹಬ್ಬಲು ಒಂದೆರಡು ದಿನ ಸಾಕಾಯಿತು. ತನಿಖೆ ಮುಗಿಯಲು ಸುಮಾರು ಐದು ವರ್ಷ ಬೇಕಾಯಿತು. 'ಒಳಗಿನವರೇ ಹೇಳಿದ್ದು' ಎಂಬ ಮುದ್ರೆ ಹೊತ್ತ ಮಾತನ್ನು ಮುಂದಕ್ಕೆ ಕಳಿಸುವ ಮುನ್ನ ಈ ಐದು ವರ್ಷಗಳು ನೆನಪಿರಲಿ.

ಕೇಳಬೇಕಾದ ಐದು ಪ್ರಶ್ನೆಗಳು

1. ಆ ಸಂಘ ಇದೆಯೇ? ಮೊಬೈಲಿನಲ್ಲಿ ಬಹಳ ಕೇಳಿಬರುವ ಇಲ್ಯುಮಿನಾಟಿ 1776ರಲ್ಲಿ ಬವೇರಿಯಾದಲ್ಲಿ ಹುಟ್ಟಿ, ಹತ್ತು ವರ್ಷ ತುಂಬುವ ಮೊದಲೇ ಸರ್ಕಾರದ ನಿಷೇಧಕ್ಕೆ ಒಳಗಾಯಿತು. ಈಗ ಅದರಿಂದ ಹೊರಬಂದೆ ಎನ್ನುವವರು ಮೊದಲು ಅದು ಇಂದೂ ಇದೆಯೆಂದು ತೋರಿಸಬೇಕು.

2. ಇವರು ಅಲ್ಲಿದ್ದರೆಂದು ಇವರನ್ನು ಬಿಟ್ಟು ಬೇರೆ ಯಾರು ಹೇಳುತ್ತಾರೆ? ಪಾವ್ಲೊ ಕೇಳಿದ್ದು ಇದನ್ನೇ.

3. ನಾವು ಹೋಗಿ ನೋಡಬಹುದಾದ ಸ್ಥಳ, ದಿನಾಂಕ, ಕಾಗದಪತ್ರ ಏನಾದರೂ ಕೊಟ್ಟಿದ್ದಾರೆಯೇ? ಫಿರಂಗಿಯಾ ತೋರಿಸಿದ ನೆಲವನ್ನು ನೆನೆಯಿರಿ.

4. ಈ ಮಾತಿನಿಂದ ಇವರಿಗೆ ಏನು ದೊರೆಯುತ್ತದೆ? ಹಣವೇ, ಹೆಸರೇ, ಕ್ಷಮೆಯೇ? ಲಾಭವಿದ್ದರೆ ಮಾತು ಸುಳ್ಳೆಂದಲ್ಲ. ಹೆಚ್ಚು ಎಚ್ಚರ ಬೇಕು ಎಂದರ್ಥ.

5. ಕಥೆ ಸಮಯಕ್ಕೆ ತಕ್ಕಂತೆ ಬದಲಾಗುತ್ತಿದೆಯೇ, ಕೇಳುಗರು ಹೆಚ್ಚಿದಂತೆ ಬೆಳೆಯುತ್ತಿದೆಯೇ? ಏನು ಸಿಕ್ಕರೆ ತಮ್ಮ ಮಾತು ತಪ್ಪೆಂದು ಒಪ್ಪುತ್ತೀರಿ ಎಂದು ಕೇಳಿದರೆ ಉತ್ತರವಿದೆಯೇ?

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕಿವಿಯಲ್ಲಿ ಪಿಸುಗುಟ್ಟಿದ್ದಕ್ಕಂತೂ ಅದು ಇನ್ನಷ್ಟು ಸಲ್ಲುತ್ತದೆ. ಬಸ್ಸು ಕುಮಟೆ ಸೇರುವಾಗ ಪಕ್ಕದವರನ್ನು ನೋಯಿಸಬೇಕಾಗಿಲ್ಲ, ಗೇಲಿ ಮಾಡಬೇಕಾಗಿಲ್ಲ. "ನಾನೇ ಹೋಗಿ ನೋಡಬಹುದಾದ ಒಂದು ಸಂಗತಿ ಹೇಳಿ" ಎಂದು ವಿನಯದಿಂದ ಕೇಳಿದರೆ ಸಾಕು. ಉತ್ತರ ಬಂದರೆ ಹೋಗಿ ನೋಡಿ. ಬಾರದಿದ್ದರೆ ಆ ಮಾತು ನಿಮ್ಮಲ್ಲೇ ನಿಲ್ಲಲಿ.

ತರಗತಿಯಲ್ಲಿ ಮಾಡಿ ನೋಡಿ: ಈ ವಾರ ನಿಮ್ಮ ಕಿವಿಗೆ ಬಿದ್ದ ಒಂದು 'ಒಳಗಿನ ಸುದ್ದಿ'ಯನ್ನು ಆರಿಸಿಕೊಳ್ಳಿ. ಅದು ಯಾರಿಂದ ಯಾರಿಗೆ ಬಂತೆಂದು ಹಿಂದಕ್ಕೆ ಹುಡುಕುತ್ತ ಹೋಗಿ. ಮೊದಲು ಹೇಳಿದವರು ಸಿಗುತ್ತಾರೆಯೇ? ಐದು ಪ್ರಶ್ನೆಗಳಿಗೆ ದೊರೆತ ಉತ್ತರಗಳನ್ನು ಬರೆದು, ಗೆಳೆಯರೊಂದಿಗೆ ಚರ್ಚಿಸಿ.