ಕೋರ್ಸು ಬಿಡಿಸುವ ಮುನ್ನ ಮಗಳ ನಿದ್ರೆಯ ಲೆಕ್ಕ ನೋಡಿ

ನಿಮ್ಮ ಮಗಳು ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಕಾಲೇಜು, ಸಂಜೆ ಟ್ಯೂಷನ್. ಇವು ಸಾಲದೆಂಬಂತೆ ರಾತ್ರಿ 9ರಿಂದ ಹತ್ತೂವರೆವರೆಗೆ ಆನ್‌ಲೈನಿನಲ್ಲಿ ಕಂಪ್ಯೂಟರ್ ಸೈನ್ಸ್ ಕೋರ್ಸು. ಸೇರುವಾಗ ಅವಳಿಗೂ ಆಸೆಯಿತ್ತು, ನಿಮಗೂ ಹೆಮ್ಮೆಯಿತ್ತು. ಈಗ ಮೂರು ತಿಂಗಳಾಗಿದೆ. ಬರೆದ ಪ್ರೋಗ್ರಾಂ ಓಡುವುದಿಲ್ಲ. ತಪ್ಪೆಲ್ಲಿದೆ ಎಂದು ಹುಡುಕುತ್ತ ಕೂತರೆ ಹನ್ನೆರಡೂವರೆಯಾಗುತ್ತದೆ. ಬೆಳಿಗ್ಗೆ ಆರಕ್ಕೆ ಎಬ್ಬಿಸಿದರೆ ತಲೆನೋವು. ತಿಂಡಿ ಬೇಡ. ಮಾತಾಡಿಸಿದರೆ ಸಿಡುಕು. ಒಂದು ದಿನ ಮೆಲ್ಲಗೆ ಕೇಳುತ್ತಾಳೆ: "ಅಮ್ಮಾ, ಈ ಕೋರ್ಸು ಬಿಟ್ಟುಬಿಡ್ಲಾ?"

"ವರ್ಷದ ಫೀಸು ಕಟ್ಟಿಯಾಗಿದೆಯಲ್ಲೇ!" ಎಂಬ ಮಾತು ನಿಮ್ಮ ಬಾಯಿಗೆ ಬಂದರೆ ಅದನ್ನು ಒಂದು ಗಳಿಗೆ ತಡೆಯಿರಿ. ಇದು ಓದಿನ ಪ್ರಶ್ನೆಯಂತೆ ಕಂಡರೂ ಇದರ ಅರ್ಧ ಉತ್ತರ ಅವಳ ಶರೀರದಲ್ಲಿದೆ.

ನಿದ್ರೆಯ ಸಾಲ

13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕು. ನಿಮ್ಮ ಮಗಳಿಗೆ ಸಿಗುತ್ತಿರುವುದು ಐದೂವರೆ ಗಂಟೆ. ದಿನಕ್ಕೆ ಎರಡೂವರೆ ಗಂಟೆ ಸಾಲವೆಂದರೂ ಐದು ದಿನಕ್ಕೆ ಹನ್ನೆರಡೂವರೆ ಗಂಟೆಯಾಯಿತು. ಭಾನುವಾರ ಹತ್ತರವರೆಗೆ ಮಲಗಿದ ಮಾತ್ರಕ್ಕೆ ಇದು ತೀರುವುದಿಲ್ಲ.

ಹದಿಹರೆಯದಲ್ಲಿ ನಿದ್ರೆ ತರುವ ಮೆಲಟೋನಿನ್ ಎಂಬ ಹಾರ್ಮೋನು ಸಹಜವಾಗಿಯೇ ತಡವಾಗಿ ಸ್ರವಿಸುತ್ತದೆ. ಪರದೆಯ ಬೆಳಕು ಅದನ್ನು ಇನ್ನಷ್ಟು ಮುಂದೂಡುತ್ತದೆ. ಹಗಲು ಕಲಿತದ್ದು ಮಿದುಳಿನಲ್ಲಿ ಗಟ್ಟಿಯಾಗುವುದು ನಿದ್ರೆಯಲ್ಲಿ. ಆದ್ದರಿಂದ ನಿದ್ದೆಗೆಟ್ಟು ಹುಡುಕಿದಷ್ಟೂ ಪ್ರೋಗ್ರಾಮಿನ ತಪ್ಪು ಕಣ್ಣಿಗೆ ಬೀಳುವುದಿಲ್ಲ. "ನಾನು ದಡ್ಡಿ, ನನಗೆ ಇದು ತಲೆಗೆ ಹತ್ತುವುದಿಲ್ಲ" ಎಂದು ಅವಳು ತಿಳಿದಿರಬಹುದು. ನಿಜಕ್ಕೂ ಅವಳಿಗೆ ಬೇಕಾದದ್ದು ಹಾಸಿಗೆ.

ಬೇರೆ ಕಾರಣ ಇರಬಹುದೆ?

ಎಲ್ಲ ತಪ್ಪನ್ನೂ ಕೋರ್ಸಿನ ಮೇಲೆ ಹೊರಿಸುವ ಮುನ್ನ ಎರಡು ಪರೀಕ್ಷೆ ಮಾಡಿಸಿ.

ಮೊದಲನೆಯದು ಕಣ್ಣು. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ಉರಿಯುತ್ತದೆ. ಕನ್ನಡಕ ಬೇಕಾಗಿದ್ದು ಹಾಕಿಸದಿದ್ದರೂ ತಲೆನೋವು ಬರಬಹುದು.

ಎರಡನೆಯದು ರಕ್ತ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆಯಿದೆ. ಈ ವಯಸ್ಸಿನ ಹುಡುಗಿಯ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಸುಸ್ತು, ತಲೆನೋವು, ಗಮನ ನಿಲ್ಲದಿರುವುದು ಎಲ್ಲವೂ ಕಾಣಿಸಿಕೊಳ್ಳಬಹುದು. ಆಗ ಕೋರ್ಸು ಬಿಡಿಸಿದರೂ ಸುಸ್ತು ಹೋಗದು. ವೈದ್ಯರ ಸಲಹೆಯಂತೆ ಚಿಕಿತ್ಸೆ ಕೊಡಿಸಬೇಕು.

ಎರಡು ವಾರದ ಪ್ರಯೋಗ

ತಕ್ಷಣ ತೀರ್ಮಾನ ಬೇಡ. ಎರಡು ವಾರ ಹೀಗೆ ಮಾಡಿ ನೋಡಿ:

1. ರಾತ್ರಿ ಒಂಬತ್ತರ ನಂತರ ಪರದೆ ಬೇಡ, ಹತ್ತಕ್ಕೆ ದೀಪ ಆರಲಿ. ಪಾಠದ ರೆಕಾರ್ಡಿಂಗ್ ಸಿಗುವಂತಿದ್ದರೆ ಶನಿವಾರ, ಭಾನುವಾರ ಹಗಲು ನೋಡಲಿ.

2. ಓದುವಾಗ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಲಿ.

3. ಅರ್ಧ ಗಂಟೆ ಹುಡುಕಿದರೂ ಸಿಗದ ತಪ್ಪನ್ನು ಬರೆದಿಟ್ಟು ಮರುದಿನ ಶಿಕ್ಷಕರನ್ನು ಕೇಳಲಿ. ಕೇಳುವುದರಲ್ಲಿ ನಾಚಿಕೆಯಿಲ್ಲವೆಂದು ನೀವೇ ಹೇಳಿ.

4. ಮಲಗಿದ ಹೊತ್ತು, ಎದ್ದ ಹೊತ್ತು, ತಲೆನೋವು ಬಂದ ದಿನ, ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಅವಳೇ ಗುರುತು ಹಾಕಲಿ.

ನಿದ್ರೆಯಾದ ಮೇಲೆ ಅವಳು ತಾನಾಗಿಯೇ ಕಂಪ್ಯೂಟರ್ ಮುಂದೆ ಕೂತರೆ ತೊಂದರೆ ಇದ್ದದ್ದು ವೇಳೆಯಲ್ಲಿ. ಅದನ್ನು ಬದಲಿಸಿ, ಕೋರ್ಸು ಮುಂದುವರಿಸಿ. ನಿದ್ರೆಯಾದರೂ ಪಾಠದ ಹೊತ್ತಿಗೇ ಹೊಟ್ಟೆನೋವು ಬರುತ್ತಿದ್ದರೆ, ಅಥವಾ ಹತ್ತು ಗಂಟೆಯ ದೀಪಕ್ಕೂ ಕೋರ್ಸಿಗೂ ಹೊಂದಿಕೆಯೇ ಆಗದಿದ್ದರೆ, ಬಿಡಿಸಿ.

"ಬಿಟ್ಟರೆ ಮುಂದೆ ಕಂಪ್ಯೂಟರ್ ಇಂಜಿನಿಯರಿಂಗ್ ತಪ್ಪಿಹೋಗುತ್ತದಲ್ಲ?" ಎಂಬ ಭಯ ನಿಮ್ಮನ್ನು ಕಾಡುತ್ತಿರಬಹುದು. ನಮ್ಮ ರಾಜ್ಯದ ಸಿಇಟಿಯಲ್ಲಿ ಇಂಜಿನಿಯರಿಂಗ್ ರ‍್ಯಾಂಕಿಗೆ ಎಣಿಸುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಈ ಮೂರನ್ನು. ಕಂಪ್ಯೂಟರ್ ಬದಲು ಜೀವಶಾಸ್ತ್ರ ಓದಿದವರೂ ಕಂಪ್ಯೂಟರ್ ಶಾಖೆಗೆ ಸೇರುತ್ತಾರೆ. ಕಟ್ಟಿದ ಫೀಸಿನಲ್ಲಿ ಎಷ್ಟು ವಾಪಸು ಬರುತ್ತದೆಂದು ವಿಚಾರಿಸಿ. ಬಾರದ ಹಣ ಅವಳು ನಿದ್ದೆಗೆಟ್ಟರೂ ಬಾರದು.

ಒಂದು ಎಚ್ಚರಿಕೆ. ಈ ಮಾತು ಹೊರಗಿನ ಹೆಚ್ಚುವರಿ ಕೋರ್ಸಿಗೆ ಮಾತ್ರ. ಅಂಕಪಟ್ಟಿಯಲ್ಲಿ ಬರುವ ವಿಷಯವಾದರೆ ಪ್ರಾಂಶುಪಾಲರನ್ನು ಕಂಡು, ಬದಲಾವಣೆಗೆ ಅವಕಾಶ ಮತ್ತು ಕೊನೆಯ ದಿನ ತಿಳಿದುಕೊಂಡೇ ಮುಂದುವರಿಯಿರಿ.

ಕಡೆಗಣಿಸಬಾರದ ಲಕ್ಷಣಗಳು

ಎರಡು ವಾರ ಕಳೆದರೂ ಮಂಕು ಕವಿದಂತಿದ್ದರೆ, ಗೆಳತಿಯರನ್ನು ದೂರವಿಟ್ಟರೆ, ಇಷ್ಟದ ಹಾಡು-ಆಟವೂ ಬೇಡವಾದರೆ ವೈದ್ಯರಿಗೆ ತೋರಿಸಿ. "ನಾನು ಇರಲೇಬಾರದು" ಎಂಬಂಥ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಅವಳನ್ನು ಒಂಟಿಯಾಗಿ ಬಿಡಬೇಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಬಿಡುವುದೆಂದಾದರೆ, ಬಿಡುವ ಪತ್ರವನ್ನು ಅವಳೇ ಬರೆಯಲಿ, ಪಕ್ಕದಲ್ಲಿ ನೀವಿರಿ. "ಅರ್ಧಕ್ಕೆ ಬಿಟ್ಟವಳು" ಎಂದು ಬಂಧುಗಳ ಮುಂದೆ ಆಡಬೇಡಿ. ಆಸೆ ಉಳಿದಿದ್ದರೆ ಬೇಸಿಗೆ ರಜೆಯಲ್ಲಿ ಹಗಲು ಹೊತ್ತಿನಲ್ಲಿ ಮತ್ತೆ ಕಲಿಯಬಹುದು. ಸದ್ಯಕ್ಕೆ ಇಂದು ರಾತ್ರಿ ಹತ್ತಕ್ಕೆ ದೀಪ ಆರಿಸಿ. ಅವಳ ಪ್ರಶ್ನೆಗೆ ಉತ್ತರವನ್ನು ನಾಳೆ ತಿಂಡಿಯ ಹೊತ್ತಿಗೆ ಮಾತಾಡಿದರಾಯಿತು.