ಹಳೆಯ ಕಾರಿನ ಮೈಲೇಜು ಎಲ್ಲಿ ಸೋರಿಹೋಗುತ್ತದೆ?

ಹದಿನೈದು ಇಪ್ಪತ್ತು ವರ್ಷ ಹಳೆಯದಾದ ಪೆಟ್ರೋಲ್ ಕಾರನ್ನು ಇಟ್ಟುಕೊಂಡವರ ಬಾಯಲ್ಲಿ ನೀವು ಈ ಮಾತನ್ನು ಕೇಳಿಯೇ ಇರುತ್ತೀರಿ: "ಮೊದಲು ಲೀಟರಿಗೆ ಹದಿನಾರು ಕೊಡುತ್ತಿತ್ತು, ಈಗ ಹನ್ನೊಂದು ದಾಟುವುದಿಲ್ಲ." ಹಾಸನ ಜಿಲ್ಲೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಶಿಕ್ಷಕರಾಗಿರುವ ನನ್ನ ಸ್ನೇಹಿತರ ಕಾರಿಗೂ ಇದೇ ಗತಿಯಾಗಿತ್ತು. 2006ರಲ್ಲಿ ಕೊಂಡ ಸಣ್ಣ ಕಾರು. ಶಾಲೆಗೆ ಹೋಗಿಬರಲು ದಿನಕ್ಕೆ 44 ಕಿ.ಮೀ. ಗ್ಯಾರೇಜಿನವರು "ಪಿಸ್ಟನ್ ರಿಂಗ್ ಸವೆದಿದೆ, ಎಂಜಿನ್ ಬಿಚ್ಚಬೇಕು" ಎಂದು 35 ಸಾವಿರ ರೂಪಾಯಿಯ ಲೆಕ್ಕ ಕೊಟ್ಟಿದ್ದರು. ಕಾರನ್ನು ಮಾರಿದರೆ ಅದಕ್ಕಿಂತ ಸ್ವಲ್ಪ ಹೆಚ್ಚು ಸಿಗುತ್ತಿತ್ತು, ಅಷ್ಟೆ. ರಿಪೇರಿ ಮಾಡಿಸುವುದೋ, ಗುಜರಿಗೆ ಹಾಕುವುದೋ?

ಎರಡಕ್ಕೂ ಮೊದಲು ಅಳತೆ ಮಾಡಿ ನೋಡೋಣ ಎಂದುಕೊಂಡೆವು. ಈ ಅಳತೆಗಳಿಗೆ ಹೈಸ್ಕೂಲಿನ ಭೌತವಿಜ್ಞಾನಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ. ನಿಮ್ಮ ಬಳಿ ಅಂಥ ಕಾರಿದ್ದರೆ ನೀವೂ ಮಾಡಬಹುದು.

ಟ್ಯಾಂಕು ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ. ಎರಡನೆಯ ಸಲ ಹಿಡಿಸಿದ ಪೆಟ್ರೋಲಿನಿಂದ ಓಡಿದ ದೂರವನ್ನು ಭಾಗಿಸಿ. ವಿಧಾನ ಇಷ್ಟೇ. ಆದರೆ ಟ್ಯಾಂಕು "ತುಂಬಿತು" ಎನ್ನುವುದರಲ್ಲಿ ಅರ್ಧ ಲೀಟರಿನಷ್ಟು ಹೆಚ್ಚುಕಡಿಮೆ ಆಗುವುದು ಸಹಜ. 5 ಲೀಟರ್ ಹಿಡಿಸಿದಾಗ ಆ ತಪ್ಪು ಶೇಕಡ 10. 25 ಲೀಟರ್ ಹಿಡಿಸಿದಾಗ ಶೇಕಡ 2. ಆದ್ದರಿಂದ ಇನ್ನೂರು ರೂಪಾಯಿ ಪೆಟ್ರೋಲ್ ಹಾಕಿಸಿ ಮೈಲೇಜು ಹೇಳುವವರ ಮಾತನ್ನು ನಂಬಬೇಡಿ. ಒಂದೇ ಬಂಕಿನಲ್ಲಿ, ಪೈಪು ಮೊದಲ ಸಲ ತಾನಾಗಿ ನಿಂತಲ್ಲಿಗೆ ನಿಲ್ಲಿಸಿ, ಮೂರು ನಾಲ್ಕು ಟ್ಯಾಂಕುಗಳ ಸರಾಸರಿ ತೆಗೆಯಿರಿ.

ದೂರದ ಅಳತೆಯನ್ನೂ ಪರೀಕ್ಷಿಸಬೇಕು. ಓಡೋಮೀಟರ್ ನಿಜಕ್ಕೂ ಎಣಿಸುವುದು ಚಕ್ರದ ಸುತ್ತುಗಳನ್ನು. ಈ ಕಾರಿಗೆ ಮೊದಲಿದ್ದ 145/80 ಆರ್13 ಟೈರುಗಳ ಬದಲಿಗೆ 155/80 ಆರ್13 ಹಾಕಿಸಿದ್ದರು. ಲೆಕ್ಕ ಹಾಕಿ ನೋಡಿ: ವ್ಯಾಸ 562 ಮಿ.ಮೀ.ನಿಂದ 578ಕ್ಕೆ ಏರುತ್ತದೆ. ಅಂದರೆ ಮೀಟರು 100 ಕಿ.ಮೀ. ತೋರಿಸಿದಾಗ ಕಾರು ಸುಮಾರು 103 ಕಿ.ಮೀ. ಸಾಗಿರುತ್ತದೆ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳೊಂದಿಗೆ ಹೋಲಿಸಿದಾಗ ಇದು ಖಚಿತವಾಯಿತು. ಹೀಗಾಗಿ 11 ಎಂದು ಕಂಡದ್ದು ವಾಸ್ತವವಾಗಿ 11.3.

ಇಲ್ಲಿ ಒಂದು ಮಾತು. ಕಿ.ಮೀ. ಬಂದು ಎಷ್ಟೋ ಕಾಲವಾದರೂ ನಾವು "ಮೈಲೇಜು" ಎನ್ನುವುದನ್ನು ಬಿಟ್ಟಿಲ್ಲ; ಇರಲಿ. ಆದರೆ ದೋಷ ಹುಡುಕುವಾಗ ಲೀಟರಿಗೆ ಎಷ್ಟು ಕಿ.ಮೀ. ಎಂಬುದಕ್ಕಿಂತ ಕಿ.ಮೀ.ಗೆ ಎಷ್ಟು ಮಿಲಿಲೀಟರ್ ಎಂಬ ಲೆಕ್ಕವೇ ಅನುಕೂಲ. ಏಕೆಂದರೆ ಬೇರೆ ಬೇರೆ ಕಾರಣಗಳಿಂದ ಆಗುವ ನಷ್ಟಗಳನ್ನು ಆಗ ನೇರವಾಗಿ ಕೂಡಬಹುದು. ಲೀಟರಿಗೆ 16 ಎಂದರೆ ಕಿ.ಮೀ.ಗೆ 62.5 ಮಿ.ಲೀ.; 11.3 ಎಂದರೆ 88.5 ಮಿ.ಲೀ. ಹಾಗಾದರೆ ನಾವು ಹುಡುಕಬೇಕಾದ್ದು 26 ಮಿ.ಲೀ.

ಇದರಲ್ಲಿ ಒಂದು ಪಾಲಿಗೆ ಕಾರು ಕಾರಣವೇ ಅಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 32 ಮೆಗಾಜೂಲ್ ಶಕ್ತಿ ಸಿಗುತ್ತದೆ. ಎಥೆನಾಲಿನಿಂದ ಸಿಗುವುದು ಸುಮಾರು 21. 2025ರ ವೇಳೆಗೆ ದೇಶದ ಬಂಕುಗಳಲ್ಲಿ ಶೇಕಡ 20 ಎಥೆನಾಲ್ ಬೆರೆಸಿದ ಪೆಟ್ರೋಲೇ ಸಾಮಾನ್ಯವಾಯಿತು. ಈ ಮಿಶ್ರಣದ ಲೀಟರಿಗೆ 29.8 ಮೆಗಾಜೂಲ್, ಅಂದರೆ ಶುದ್ಧ ಪೆಟ್ರೋಲಿಗಿಂತ ಶೇಕಡ 7ರಷ್ಟು ಕಡಿಮೆ. ನೀತಿ ಆಯೋಗದ 2021ರ ವರದಿಯೂ ಹಳೆಯ ವಿನ್ಯಾಸದ ಕಾರುಗಳಲ್ಲಿ ಶೇಕಡ 6-7ರ ಇಳಿಕೆಯನ್ನು ಅಂದಾಜಿಸಿತ್ತು. ಹೀಗಾಗಿ 62.5 ಮಿ.ಲೀ. ಇದ್ದದ್ದು ಏನೂ ದೋಷವಿಲ್ಲದಿದ್ದರೂ 67 ಆಗುತ್ತದೆ. ಹಳೆಯ ಕಾರುಗಳ ರಬ್ಬರ್ ಕೊಳವೆಗಳು ಇಷ್ಟು ಎಥೆನಾಲಿಗೆಂದು ತಯಾರಾದವಲ್ಲ. ಕಾರಿನ ಸುತ್ತ ಪೆಟ್ರೋಲ್ ವಾಸನೆ ಬಂದರೆ ಉಳಿದ ಪರೀಕ್ಷೆಗಳನ್ನು ಬದಿಗಿಟ್ಟು ಮೊದಲು ಸೋರಿಕೆಯನ್ನು ನೋಡಿಸಿ.

ಉಳಿದ 21.5 ಮಿ.ಲೀ. ಎಂಜಿನ್ನಿನಲ್ಲಿ ಹೋಗುತ್ತಿದೆಯೋ, ಚಕ್ರಗಳಲ್ಲೋ? ಇದನ್ನು ಬೇರ್ಪಡಿಸಲು ಸೊಗಸಾದ ಪ್ರಯೋಗವೊಂದಿದೆ. ವಾಹನ ಸಂಚಾರವಿಲ್ಲದ ಸಮತಟ್ಟಾದ ರಸ್ತೆಯಲ್ಲಿ, ಟೈರುಗಳ ಗಾಳಿ ಸರಿಯಾಗಿರುವಾಗ, ಗಂಟೆಗೆ 40 ಕಿ.ಮೀ. ವೇಗಕ್ಕೆ ಬಂದು ಗೇರನ್ನು ನ್ಯೂಟ್ರಲಿಗೆ ಹಾಕಿ. ವೇಗ 20ಕ್ಕೆ ಇಳಿಯಲು ಎಷ್ಟು ಸೆಕೆಂಡು ಹಿಡಿಯಿತೆಂದು ಪಕ್ಕದಲ್ಲಿ ಕುಳಿತವರು ಗುರುತು ಹಾಕಿಕೊಳ್ಳಲಿ. ಇಳಿಜಾರು, ಗಾಳಿಗಳ ಪ್ರಭಾವ ಕಳೆಯಲು ಎದುರು ದಿಕ್ಕಿನಲ್ಲೂ ಮಾಡಿ ಸರಾಸರಿ ತೆಗೆಯಿರಿ. ಎಂಜಿನ್ನನ್ನು ಮಾತ್ರ ಆರಿಸಲೇಬೇಡಿ. ಆರಿಸಿದರೆ ಬ್ರೇಕಿಗೆ ನೆರವಾಗುವ ನಿರ್ವಾತ ಇಲ್ಲವಾಗುತ್ತದೆ, ಸ್ಟೀರಿಂಗ್ ಬೀಗ ಬೀಳಲೂಬಹುದು.

ನಮ್ಮ ಕಾರಿಗೆ 31 ಸೆಕೆಂಡು ಹಿಡಿಯಿತು. ಸಹೋದ್ಯೋಗಿಯೊಬ್ಬರ ಅದೇ ಮಾದರಿಯ ಕಾರಿಗೆ 39. ಸವಾರರೂ ಸೇರಿ ದ್ರವ್ಯರಾಶಿ 900 ಕಿ.ಗ್ರಾಂ., ವೇಗದ ಇಳಿಕೆ ಸೆಕೆಂಡಿಗೆ 5.56 ಮೀಟರ್. ನ್ಯೂಟನ್ನನ ಎರಡನೆಯ ನಿಯಮದಂತೆ ತಡೆಬಲ ನಮ್ಮದರಲ್ಲಿ 161 ನ್ಯೂಟನ್, ಇನ್ನೊಂದರಲ್ಲಿ 128. ಹೆಚ್ಚಿನ 33 ನ್ಯೂಟನ್ ಎಲ್ಲಿಂದ ಬಂತು? ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ಹತ್ತು ಕಿ.ಮೀ. ಓಡಿಸಿ, ನಿಲ್ಲಿಸಿ, ಅಂಗೈಯ ಹಿಂಬದಿಯನ್ನು ಒಂದೊಂದು ಚಕ್ರದ ಬಳಿಗೂ ಒಯ್ದೆವು, ಮುಟ್ಟಲಿಲ್ಲ. ಹಿಂದಿನ ಎಡಚಕ್ರ ಕುದಿಯುತ್ತಿತ್ತು. ಹ್ಯಾಂಡ್ ಬ್ರೇಕಿನ ಕೇಬಲ್ ತುಕ್ಕು ಹಿಡಿದು ಪೂರ್ತಿ ಸಡಿಲವಾಗದೆ ಉಳಿದಿತ್ತು.

33 ನ್ಯೂಟನ್ ಬಲದ ವಿರುದ್ಧ ಒಂದು ಕಿ.ಮೀ. ಸಾಗಲು 33,000 ಜೂಲ್ ಬೇಕು. ಎಂಜಿನ್ನಿನ ದಕ್ಷತೆ ಶೇಕಡ 20 ಎಂದಿಟ್ಟುಕೊಂಡರೆ ಅಷ್ಟಕ್ಕೆ 5.5 ಮಿ.ಲೀ. ಪೆಟ್ರೋಲ್. ನಷ್ಟ ಚಿಕ್ಕದೆನಿಸಬಹುದು. ಆದರೆ ಹೀಗೆ ಅಂಟಿಕೊಂಡ ಬ್ರೇಕಿನಲ್ಲಿ ಶಿರಾಡಿ ಘಾಟಿ ಇಳಿಯುವಾಗ ಪೆಟ್ರೋಲಿನ ಪ್ರಶ್ನೆ ಎರಡನೆಯದಾಗುತ್ತದೆ. ತೇವ ಹೀರಿದ ಹಳೆಯ ಬ್ರೇಕ್ ದ್ರವ ಕಾದು ಕುದ್ದರೆ ಪೆಡಲ್ ಒತ್ತಿದಾಗ ಒತ್ತಡವೇ ಹುಟ್ಟುವುದಿಲ್ಲ.

ಇನ್ನು 16 ಮಿ.ಲೀ. ಎಂಜಿನ್ನಿನ ಪಾಲು. ಎಲ್ಲರೂ ಮೊದಲು ಬೊಟ್ಟುಮಾಡುವುದು ಏರ್ ಫಿಲ್ಟರಿನ ಕಡೆಗೆ. ಕಾರ್ಬೊರೇಟರ್ ಕಾಲದಲ್ಲಿ ಅದು ಸರಿಯಾಗಿತ್ತು. ಇಂಧನವನ್ನು ಸಿಂಪಡಿಸುವ ಎಂಜಿನ್ನಿನಲ್ಲಿ ಕಂಪ್ಯೂಟರು ಒಳಬರುವ ಗಾಳಿಯನ್ನು ಅಳೆದೇ ಪೆಟ್ರೋಲ್ ಬಿಡುವುದರಿಂದ, ಕೊಳೆಯಾದ ಫಿಲ್ಟರು ಕಾರಿನ ಎಳೆತವನ್ನು ಕುಗ್ಗಿಸುತ್ತದೆಯೇ ಹೊರತು ಮೈಲೇಜನ್ನು ಅಷ್ಟಾಗಿ ಅಲ್ಲ. ಸ್ಪಾರ್ಕ್ ಪ್ಲಗ್ಗುಗಳು ಹೆಚ್ಚು ಹೇಳಿದವು. ನಾಲ್ಕಕ್ಕೆ ನಾಲ್ಕೂ ಒಣ ಕಾಡಿಗೆಯಂತೆ ಕಪ್ಪಾಗಿದ್ದವು. ಒಂದೇ ಕಪ್ಪಾಗಿದ್ದರೆ ಆ ಸಿಲಿಂಡರಿನ ದೋಷ. ಎಲ್ಲವೂ ಕಪ್ಪಾಗಿದ್ದರೆ ಇಡೀ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚಾಗಿ ಬರುತ್ತಿದೆ ಎಂದರ್ಥ.

ಏಕೆ ಹೆಚ್ಚಾಗುತ್ತದೆ? ಪೂರ್ಣ ದಹನಕ್ಕೆ ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ ಬೇಕು. ಆದರೆ ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಅದಕ್ಕೆಂದೇ ಎಂಜಿನ್ ಬಿಸಿಯಾಗುವವರೆಗೆ ಕಂಪ್ಯೂಟರು ಹೆಚ್ಚು ಪೆಟ್ರೋಲ್ ಬಿಡುತ್ತದೆ. ಎಂಜಿನ್ ಬಿಸಿಯೇ ಆಗದಿದ್ದರೆ? ನಮ್ಮ ಕಾರಿನ ಶಾಖದ ಮುಳ್ಳು ಇಪ್ಪತ್ತು ಕಿ.ಮೀ. ಓಡಿದ ಮೇಲೂ ಕಾಲುಭಾಗ ದಾಟುತ್ತಿರಲಿಲ್ಲ. "ತಂಪಾಗಿ ಓಡುತ್ತದೆ" ಎಂದು ಸ್ನೇಹಿತರು ಹೆಮ್ಮೆಪಡುತ್ತಿದ್ದರು!

ಎರಡು ಸಾಧ್ಯತೆಗಳಿದ್ದವು: ಎಂಜಿನ್ ನಿಜವಾಗಿ ತಣ್ಣಗಿರಬಹುದು, ಅಥವಾ ಶಾಖದ ಸಂವೇದಕ ಸುಳ್ಳು ಹೇಳುತ್ತಿರಬಹುದು. ಸಂವೇದಕವೆಂದರೆ ಶಾಖ ಏರಿದಂತೆ ರೋಧ ಇಳಿಯುವ ಅರೆವಾಹಕದ ತುಣುಕು. ಅದನ್ನು ಬಿಚ್ಚಿ ಶಾಲೆಯ ಪ್ರಯೋಗಾಲಯಕ್ಕೆ ತಂದು, ಬೀಕರಿನ ನೀರಿನಲ್ಲಿ ಥರ್ಮಾಮೀಟರಿನ ಜೊತೆಗೆ ಇಳಿಬಿಟ್ಟು, ಮಲ್ಟಿಮೀಟರಿನಿಂದ ರೋಧ ಅಳೆದೆವು. ಹತ್ತನೆಯ ತರಗತಿಯ ಮಕ್ಕಳೇ ನಕ್ಷೆ ಬರೆದರು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡೂವರೆ ಸಾವಿರ ಓಮ್, 80ರಲ್ಲಿ ಮುನ್ನೂರರ ಆಸುಪಾಸು. ಸಂವೇದಕ ನಿರ್ದೋಷಿ.

ಮರುದಿನ ಬೆಳಿಗ್ಗೆ ತಣ್ಣನೆಯ ಎಂಜಿನ್ನನ್ನು ಚಾಲೂ ಮಾಡಿ ರೇಡಿಯೇಟರಿನ ಮೇಲಿನ ಹೋಸನ್ನು ಮುಟ್ಟಿ ನೋಡಿದೆವು. ಸರಿಯಾದ ಕಾರಿನಲ್ಲಿ ಅದು ಹಲವು ನಿಮಿಷ ತಣ್ಣಗೇ ಇದ್ದು, ಥರ್ಮೋಸ್ಟಾಟಿನೊಳಗಿನ ಮೇಣ 82-88 ಡಿಗ್ರಿಯ ಸುಮಾರಿಗೆ ಕರಗಿ ಹಿಗ್ಗಿ ಕವಾಟ ತೆರೆದಾಗ ಒಮ್ಮೆಲೇ ಬಿಸಿಯಾಗಬೇಕು. ಇಲ್ಲಿ ಮೊದಲ ನಿಮಿಷದಿಂದಲೇ ನಿಧಾನವಾಗಿ ಬೆಚ್ಚಗಾಗುತ್ತ ಹೋಯಿತು. ಎಂಜಿನ್ ಆರಿ ತಣ್ಣಗಾದ ಮೇಲೆ ಬಿಚ್ಚಿಸಿ ನೋಡಿದರೆ ಥರ್ಮೋಸ್ಟಾಟೇ ಇರಲಿಲ್ಲ! ಮೂರು ವರ್ಷದ ಹಿಂದೆ ಹೋಸು ಸೋರಿ ಎಂಜಿನ್ ಕಾದಿದ್ದಾಗ "ನಮ್ಮ ಹವೆಗೆ ಇದು ಬೇಡ" ಎಂದು ಯಾರೋ ಮೆಕ್ಯಾನಿಕ್ ಅದನ್ನು ತೆಗೆದುಹಾಕಿದ್ದರು. ಊರೂರಲ್ಲೂ ಕೇಳಿಬರುವ ಈ ಸಲಹೆ ತಪ್ಪು. ಹೊರಗಿನ ಹವೆ 35 ಡಿಗ್ರಿ ಇದ್ದರೂ ಎಂಜಿನ್ನಿಗೆ ಬೇಕಾದ್ದು 90ರ ಹತ್ತಿರದ ಶಾಖ. ಅದು ಸಿಗದಿದ್ದರೆ ಪೆಟ್ರೋಲ್ ಪೋಲಾಗುವುದಲ್ಲದೆ, ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಸವೆತವನ್ನೂ ಹೆಚ್ಚಿಸುತ್ತದೆ.

ಪಿಸ್ಟನ್ ರಿಂಗಿನ ಮಾತು ಏನಾಯಿತು? ರಿಂಗ್ ಸವೆದಿದ್ದರೆ ಎಣ್ಣೆ ಖರ್ಚಾಗಬೇಕು, ನೀಲಿ ಹೊಗೆ ಕಾಣಬೇಕು. ಎರಡೂ ಇರಲಿಲ್ಲ. ಸಂಪೀಡನ ಒತ್ತಡವನ್ನು ಅಳೆಸಿದಾಗ ಎಲ್ಲ ಸಿಲಿಂಡರುಗಳಲ್ಲೂ ಸಮನಾಗಿ, ನಿಗದಿತ ಮಿತಿಯೊಳಗೇ ಬಂತು. ಕಡಿಮೆ ಬಂದಿದ್ದರೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಸಬೇಕಿತ್ತು. ಆಗ ಒತ್ತಡ ಏರಿದರೆ ರಿಂಗ್, ಏರದಿದ್ದರೆ ಕವಾಟ ಎಂದು ತಿಳಿಯುತ್ತದೆ. ಎಂಜಿನ್ ಬಿಚ್ಚಲು ಒಪ್ಪುವ ಮೊದಲು ಈ ಪರೀಕ್ಷೆಯನ್ನು ನೀವು ಕೇಳಿ ಮಾಡಿಸಿಕೊಳ್ಳಬೇಕು.

ಥರ್ಮೋಸ್ಟಾಟ್, ಕೂಲೆಂಟ್, ಹೊಸ ಕೇಬಲ್, ಕೂಲಿ ಎಲ್ಲ ಸೇರಿ ಮೂರು ಸಾವಿರದೊಳಗೆ ಮುಗಿಯಿತು. ನಾಲ್ಕು ಟ್ಯಾಂಕುಗಳ ಸರಾಸರಿ, ಟೈರಿನ ತಿದ್ದುಪಡಿಯೂ ಸೇರಿ, ಲೀಟರಿಗೆ 14.1, ಅಂದರೆ ಕಿ.ಮೀ.ಗೆ 71 ಮಿ.ಲೀ. ದಿನಕ್ಕೆ ಮುಕ್ಕಾಲು ಲೀಟರಿನ ಉಳಿತಾಯ. 67ಕ್ಕೆ ಇನ್ನೂ 4 ಮಿ.ಲೀ. ಬಾಕಿಯಿದೆ. ಅನುಮಾನ ಈಗ ಹೊಗೆಕೊಳವೆಯ ಆಮ್ಲಜನಕ ಸಂವೇದಕದ ಮೇಲೆ. ಅದರ ವೋಲ್ಟೇಜು 0.1 ಮತ್ತು 0.9ರ ನಡುವೆ ಚುರುಕಾಗಿ ತೂಗಾಡಬೇಕು; ಹತ್ತೊಂಬತ್ತು ವರ್ಷ ಹಳೆಯದು ಸೋಮಾರಿಯಾಗಿರಬಹುದು. ಮಲ್ಟಿಮೀಟರ್ ಹಿಡಿದು ನೋಡುವ ಕೆಲಸವನ್ನು ಮಕ್ಕಳು ಬರುವ ಶನಿವಾರಕ್ಕೆ ಇಟ್ಟುಕೊಂಡಿದ್ದಾರೆ.