ಜಂತಿಯ ಕೋವಿ, ಮಗುವಿನ ಕೈ

ಹೊನ್ನಾವರ, ಕುಮಟಾ, ಭಟ್ಕಳ ತಾಲ್ಲೂಕುಗಳಲ್ಲಿ ಕಡಲಂಚು ಬಿಟ್ಟು ಘಟ್ಟದ ಕಡೆ ನಡೆದರೆ ಗದ್ದೆ, ತೋಟ, ಕಾಡು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ರಾತ್ರಿ ಹಂದಿ ಗದ್ದೆಗೆ ಇಳಿಯುತ್ತದೆ. ಹಗಲು ಮಂಗ ತೋಟಕ್ಕೆ ಬರುತ್ತದೆ. ಹೀಗಾಗಿ ಕೆಲವು ಮನೆಗಳಲ್ಲಿ ಕತ್ತಿ, ಗುದ್ದಲಿಗಳ ಸಾಲಿಗೆ ಕೋವಿಯೂ ಸೇರಿದೆ. ರೈತನಿಗೆ ಅದು ಶೋಕಿಯಲ್ಲ, ಬೇಸಾಯದ ಸಲಕರಣೆ. ಆದರೆ ಆ ಮನೆಯಲ್ಲಿ ಮಕ್ಕಳೂ ಬೆಳೆಯುತ್ತಾರೆ. ಅವರಿಗೆ ಕೋವಿಯ ಬಗ್ಗೆ ಏನು ಹೇಳಬೇಕು?

ಕಾನೂನು ಈ ಅಗತ್ಯವನ್ನು ಒಪ್ಪಿಕೊಂಡಿದೆ. ನಿಜವಾಗಿ ಬೆಳೆ ಕಾಯಬೇಕಾದವರಿಗೆ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡಲು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅವಕಾಶವಿದೆ. 21 ವರ್ಷ ತುಂಬದವರು ಕೋವಿ ಇಟ್ಟುಕೊಳ್ಳುವಂತಿಲ್ಲ; ತರಬೇತಿಗೆ ಮಾತ್ರ ಷರತ್ತಿನ ರಿಯಾಯಿತಿ ಉಂಟು. 2016ರ ನಿಯಮಗಳು ಸುರಕ್ಷತೆಯ ತರಬೇತಿಯನ್ನೂ ಸೇರಿಸಿದವು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಕೋವಿಯ ಪರವಾನಗಿಯೆಂದರೆ ಬೇಟೆಯ ಪರವಾನಗಿಯಲ್ಲ. ಅದಕ್ಕೆ 1972ರ ವನ್ಯಜೀವಿ ಕಾಯ್ದೆಯ ತಡೆ ಬೇರೆಯೇ ಇದೆ.

ಹಳೆಯ ಕೇಪಿನ ಕೋವಿಯ ಅಪಾಯ ಅದರ ರಚನೆಯಲ್ಲೇ ಅಡಗಿದೆ. ತೋಟಾ ಕೋವಿಯನ್ನು ಮಡಿಸಿ ಒಳಗೆ ತೋಟಾ ಇದೆಯೇ ಎಂದು ನೋಡಬಹುದು. ಇದನ್ನು ಹಾಗೆ ತೆರೆದು ನೋಡಲಾಗದು. ಮದ್ದು, ಚರೆ ತುಂಬಿ ಸಲಾಕೆಯಿಂದ ಜಡಿದ ಮೇಲೆ, ಹಾರಿಸದೆ ಮನೆಗೆ ತಂದು ಜಂತಿಗೆ ಸಿಕ್ಕಿಸಿದರೆ, ತುಂಬಿದ ಕೋವಿಯೂ ಖಾಲಿ ಕೋವಿಯೂ ನೋಡಲು ಒಂದೇ. ಕೇಪು ತೆಗೆದರೂ ಒಳಗಿನ ಮದ್ದು ಒಳಗೇ ಇರುತ್ತದೆ. ಬಲ್ಲವರು ಸಲಾಕೆಯನ್ನು ನಳಿಗೆಯೊಳಗೆ ಇಳಿಸಿ, ಅದು ತಳ ಮುಟ್ಟಿತೇ ಎಂದು ಅಳೆದು ನೋಡುತ್ತಾರೆ. ಮಗುವಿಗೆ ಆ ಅಳತೆ ತಿಳಿಯುವುದೆಂತು?

ಬಂದೂಕು ಯಾರ ಕೈಯಲ್ಲಿರಬೇಕು ಎಂಬ ವಾದ ನಮ್ಮ ರಾಜ್ಯಕ್ಕೆ ಹೊಸದಲ್ಲ. ಕೊಡಗಿನವರಿಗೆ 1861ರಷ್ಟು ಹಿಂದೆಯೇ ಬ್ರಿಟಿಷರು ಕೊಟ್ಟ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 10 ವರ್ಷ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯ ಮೇಲೆ ಹೈಕೋರ್ಟು 2021ರಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸುವ ಮನೆಗಳಲ್ಲಿ ಅದು ಪರಂಪರೆ. ಎಲ್ಲರಿಗೂ ಒಂದೇ ಕಾನೂನು ಬೇಕೆನ್ನುವವರಿಗೆ ಅದು ಅಪವಾದ. ನಮ್ಮ ಜಿಲ್ಲೆಯಲ್ಲಿ ಈ ವಾದ ಚುನಾವಣೆಯ ಹೊತ್ತಿಗೆ ಏಳುತ್ತದೆ. ಕೋವಿಯನ್ನು ಠಾಣೆಯಲ್ಲಿಟ್ಟರೆ ಬೆಳೆ ಕಾಯುವವರಾರು ಎಂಬುದು ರೈತನ ಪ್ರಶ್ನೆ.

ಬಂದೂಕು ಹೇರಳವಾಗಿರುವ ಅಮೆರಿಕದಲ್ಲಿ ಒಂದು ಪಕ್ಷ ಮಕ್ಕಳಿಗೆ ಕಲಿಸಿ ಎನ್ನುತ್ತದೆ. ಇನ್ನೊಂದು ಬಂದೂಕಿಗೇ ಕಡಿವಾಣ ಹಾಕಿ ಎನ್ನುತ್ತದೆ. ಅಲ್ಲಿನ ರೈಫಲ್ ಸಂಘ 1988ರಿಂದ ಮಕ್ಕಳಿಗೆ ಕಲಿಸುತ್ತ ಬಂದ ಪಾಠದ ಸಾರ ಇಷ್ಟು: ಬಂದೂಕು ಕಂಡರೆ ನಿಲ್ಲು, ಮುಟ್ಟಬೇಡ, ದೂರ ಹೋಗು, ದೊಡ್ಡವರಿಗೆ ಹೇಳು. ಪಾಠವೇನೋ ಒಳ್ಳೆಯದೇ. ಆದರೆ 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ಯೋಚನೆಗೆ ಹಚ್ಚುತ್ತದೆ. 8ರಿಂದ 12 ವರ್ಷದ 64 ಹುಡುಗರನ್ನು ಸಣ್ಣ ಗುಂಪುಗಳಲ್ಲಿ ಒಂದು ಕೋಣೆಯಲ್ಲಿ ಬಿಟ್ಟು, ಡ್ರಾಯರಿನಲ್ಲಿ ಗುಂಡಿಲ್ಲದ ನಿಜವಾದ ಪಿಸ್ತೂಲು ಇಟ್ಟಿದ್ದರು. ಅದನ್ನು ಕಂಡ 48 ಹುಡುಗರಲ್ಲಿ 30 ಮಂದಿ ಕೈಗೆತ್ತಿಕೊಂಡರು; 16 ಮಂದಿ ಟ್ರಿಗರ್ ಎಳೆದರು. ಹೀಗೆ ಮುಟ್ಟಿದವರಲ್ಲಿ ಹೆಚ್ಚಿನವರು ಸುರಕ್ಷತೆಯ ಪಾಠ ಮೊದಲೇ ಕೇಳಿದ್ದವರು!

ಆ ಮಕ್ಕಳು ಕೆಟ್ಟವರೆಂದು ಇದರ ಅರ್ಥವಲ್ಲ. ಕುತೂಹಲ ಮಗುವಿನ ಸ್ವಭಾವ. ಎಚ್ಚರ ದೊಡ್ಡವರ ಕರ್ತವ್ಯ. ಮುಟ್ಟಬಾರದೆಂದು ಹೇಳಲೇಬೇಕು, ಆಟದ ಪಿಸ್ತೂಲಿಗೂ ನಿಜವಾದದ್ದಕ್ಕೂ ಇರುವ ಭೇದ ತಿಳಿಸಲೇಬೇಕು. ಆದರೆ ಅದನ್ನು ನಂಬಿ ನಿಶ್ಚಿಂತರಾಗಬಾರದು. ಗದ್ದೆಯಿಂದ ಮರಳುವ ಮುನ್ನವೇ ಕೋವಿ ಖಾಲಿಯಾಗಬೇಕು. ಕೋವಿ ಒಂದು ಬೀಗದೊಳಗೆ, ಮದ್ದು, ಕೇಪು ಮತ್ತೊಂದು ಬೀಗದೊಳಗೆ ಇರಬೇಕು. ಬೀಗದ ಕೈ ಹಿರಿಯರ ಬಳಿಯಲ್ಲಿರಬೇಕು. ಕೋವಿ ಇರಬೇಕೇ ಬೇಡವೇ ಎಂಬ ವಾದ ನ್ಯಾಯಾಲಯದಲ್ಲಿ, ಶಾಸನಸಭೆಯಲ್ಲಿ ನಡೆಯಲಿ. ಅದು ಮುಗಿಯುವವರೆಗೆ ಮಕ್ಕಳು ಕಾಯಲಾರರು.